ಸಡಿಲವಾದ ಸೊಂಟ

ಅಪ್ಪಾ,

ನೀನು ಓದುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದನ್ನು ಬೇರೆ ಯಾರಿಗೂ ಹೇಳುವಂತಿಲ್ಲ.

ಇವತ್ತು ಬೆಳಿಗ್ಗೆ ತಮ್ಮ ನನ್ನ ಹೊಲಿಗೆ ಅಂಗಡಿಗೆ ಎರಡು ಪ್ಯಾಂಟು ತಂದ. "ಅಣ್ಣ, ಸೊಂಟ ಒಂಚೂರು ಹಿಡಿದುಕೊಡು, ಜಾರ್ತಾ ಇದೆ" ಎಂದ. ಟೇಪು ಸುತ್ತಿದೆ. ಎರಡೇ ತಿಂಗಳಲ್ಲಿ ಮೂರು ಇಂಚು ಇಳಿದಿತ್ತು. ಮತ್ತೊಮ್ಮೆ ಸುತ್ತಿದೆ, ಅಷ್ಟೇ ಬಂತು.

"ಊಟ ಸೇರುತ್ತೇನೋ?"

"ಎರಡು ತುತ್ತಿಗೇ ಹೊಟ್ಟೆ ಬಿಗಿಯುತ್ತೆ. ಉರಿ, ಹುಳಿತೇಗು. ಬರೀ ಗ್ಯಾಸ್ಟ್ರಿಕ್ ಅಣ್ಣ, ಮಾತ್ರೆ ನುಂಗ್ತಿದ್ದೀನಿ."

ನೀನೂ ಹೀಗೇ ಹೇಳುತ್ತಿದ್ದೆ. ನೀನು ತೀರಿಕೊಂಡ ವರ್ಷ ನಿನ್ನ ಪ್ಯಾಂಟುಗಳನ್ನು ಮೂರು ಸಲ ಬಿಗಿ ಮಾಡಿಕೊಟ್ಟವನು ನಾನೇ. ಯಾವತ್ತಿಗೆ ಬೇಕು ಎಂದಷ್ಟೇ ಕೇಳಿದ್ದೆ.

ನಿನಗೆ ಕೊನೆಗೆ ಆದಂತೆ ಮಲ ಕಪ್ಪಗೆ ಹೋಗುತ್ತದೆಯೇ ಎಂದು ತಮ್ಮನನ್ನು ಕೇಳಿದೆ. "ಥೂ, ಟೈಲರಿಗೆ ಅದೆಲ್ಲ ಯಾಕೆ!" ಎಂದು ನಕ್ಕವನು ನನ್ನ ಮುಖ ನೋಡಿ ನಗು ನಿಲ್ಲಿಸಿದ. ಆಮೇಲೆ ಮೆಲ್ಲಗೆ, "ಡಾಂಬರಿನ ಹಾಗೆ" ಎಂದ.

ಅಂಗಡಿ ಬಾಗಿಲೆಳೆದು ಅವನನ್ನು ಆಸ್ಪತ್ರೆಗೆ ಕರೆದೊಯ್ದೆ. ಗಂಟಲಿನಿಂದ ಕೊಳವೆ ಇಳಿಸಿ ನೋಡಿದ ಡಾಕ್ಟರು, "ಜಠರದಲ್ಲಿ ಹುಣ್ಣಿದೆ. ರಕ್ತ ಜಿನುಗಿದೆ, ಈಗ ನಿಂತಿದೆ. ಬರೀ ಹುಣ್ಣೇ ಇರಬಹುದು, ಬೇರೆಯೂ ಇರಬಹುದು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೀವಿ, ಶುಕ್ರವಾರ ಬನ್ನಿ" ಎಂದರು. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ತಮ್ಮ ಕೇಳಿದ: "ಅಪ್ಪನಿಗೂ ಹಿಂಗೇ ಶುರುವಾಗಿತ್ತಾ?" ಆಗ ಅವನು ತೀರಾ ಚಿಕ್ಕವನು, ಏನೂ ನೆನಪಿಲ್ಲ.

"ಇಲ್ಲ ಕಣೋ, ಅಪ್ಪಂದು ಬೇರೆ" ಎಂದೆ.

ಅವನು ನಂಬಿದ. ನನ್ನ ಭುಜಕ್ಕೆ ಒರಗಿ ಮಗುವಿನ ಹಾಗೆ ನಿದ್ದೆಹೋದ. ನಾವು ಇಳಿಯಬೇಕಿದ್ದ ಸ್ಟಾಪು ದಾಟಿಹೋದರೂ ಅವನನ್ನು ಎಬ್ಬಿಸಲು ನನಗೆ ಧೈರ್ಯ ಬರಲಿಲ್ಲ.