ಹತ್ತಕ್ಕೆ ಹೊರಟು ಹನ್ನೆರಡಕ್ಕೆ

ಶಂಶಾಬಾದ್
11-11-2025, ಮಂಗಳವಾರ

ನನ್ನ ಬಂಗಾರದಂಥ ಮಗಳು ಗಂಗಾಳಿಗೆ ಅವ್ವನ ಆಶೀರ್ವಾದ.

ಕ್ಷೇಮಸಮಾಚಾರ ಆಮೇಲೆ. ಮೊದಲು ಬಟ್ಟೆಬರೆ ಕಟ್ಟಿಕೋ. ನಿನ್ನ ಗಂಡ ಮಲ್ಲು ಶುಕ್ರವಾರ ಮಸ್ಕತ್ತಿಗೆ ಬರುತ್ತಿದ್ದಾನೆ. ನೀನು ಕೆಲಸಕ್ಕಿರುವ ಮನೆಯ ವಿಳಾಸ ಅವನಿಗೆ ಸಿಕ್ಕಿದೆ.

ತಪ್ಪು ನನ್ನದೇ. ನೀನು ಹೊರಟ ಆ ಶನಿವಾರ ಟಿಕೆಟ್ಟಿನಲ್ಲಿ ಹತ್ತಕ್ಕೆ ಬಿಟ್ಟು ಹನ್ನೆರಡಕ್ಕೆ ಸೇರುತ್ತದೆ ಎಂದಿತ್ತಲ್ಲ, ಎರಡೇ ತಾಸು ಅಂದುಕೊಂಡೆ. ಇಲ್ಲಿಂದ ಯಾದಗಿರಿಗೆ ಬಸ್ಸಿಗೇ ಐದು ತಾಸು ಬೇಕು, ವಿಮಾನ ಎಂದರೆ ವಿಮಾನವೇ ಎಂದು ಹಿಗ್ಗಿದ್ದೆ. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು, ನಿನ್ನ ಕರೆಯಿಲ್ಲ. ಒಂದಾಯಿತು. ವಿಮಾನ ಬಿದ್ದೇ ಹೋಯಿತು ಎಂದು ಎದೆ ಬಡಿದುಕೊಂಡೆ. ಮಸ್ಕತ್ತಿನಲ್ಲಿ ಗೆಳೆಯರಿರುವುದು ಮಲ್ಲುವಿಗೆ ಮಾತ್ರ. ಅವನ ಹೊಡೆತ ತಾಳದೆ ನೀನು ಓಡಿಹೋದದ್ದನ್ನೂ ಮರೆತು ಅವನನ್ನೇ ಕರೆದೆ. ಚೇಳಿಗೆ ಪಾರುಪತ್ಯ ಕೊಟ್ಟೆ.

ಬಂದವನು ನನ್ನ ಫೋನು ತೆಗೆದುಕೊಂಡು ಗೆಳೆಯನಿಗೆ ಹಚ್ಚುತ್ತಿದ್ದ. ಅಷ್ಟರಲ್ಲಿ ನೀನೇ ಕರೆ ಮಾಡಿದೆ. ನಾನು ಅಳುತ್ತ ಮಾತಾಡಿದ್ದು ನಿನಗೆ ನೆನಪಿರಬೇಕು. ಅವನು ಪಕ್ಕದಲ್ಲೇ ನಿಂತಿದ್ದ. ಗೋಡೆಗೆ ಅಂಟಿಸಿದ್ದ ವಿಳಾಸವೂ ಅವನ ಕಣ್ಣಿಗೆ ಬಿತ್ತು. ಹೋಗುವಾಗ ಫೋನು ಕಸಿದುಕೊಂಡು ಹೋದ. ನಿನ್ನ ನಂಬರು ಅದರಲ್ಲೇ ಉಳಿಯಿತು. ನನ್ನ ಹೆಸರಿನಲ್ಲಿ ಕರೆ ಬಂದರೆ ಎತ್ತಬೇಡ, ಅದು ನಾನಲ್ಲ.

ಪಕ್ಕದ ಕೋಣೆಯ ಸಾಬಮ್ಮ ರಜೆಗೆ ಬರುವ ಮೊದಲು ಐದು ವರ್ಷ ಮಸ್ಕತ್ತಿನಲ್ಲೇ ದುಡಿದವಳು. ಮರುದಿನ ನನ್ನ ಕಥೆ ಕೇಳಿ ಹಣೆ ಚಚ್ಚಿಕೊಂಡಳು. "ಎಕ್ಕಾ, ಅಲ್ಲಿ ಗಡಿಯಾರ ನಮ್ಗಿಂತ ಒಂದೂವರಿ ತಾಸು ಹಿಂದ ಐತಿ. ವಿಮಾನ ಹೋಗಾಕ ಮೂರೂವರಿ ತಾಸು ಬೇಕ. ಒಂದ ಮಾತು ಕೇಳಬಾರದಾಗಿತ್ತೇನ?" ಎಂದಳು. ಯಾರನ್ನು ಕೇಳಲಿ, ಆ ಶನಿವಾರ ಅವಳು ತನ್ನ ಊರಿಗೆ ಹೋಗಿದ್ದಳು.

ಫೋನು ಇವತ್ತು ಕೊಡುತ್ತಾನೆ, ನಾಳೆ ಕೊಡುತ್ತಾನೆ ಎಂದು ಕಾದೆ. ನಿನ್ನೆ ಮಲ್ಲು ಬಂದ, ನಗುನಗುತ್ತ ಟಿಕೆಟ್ ತೋರಿಸಿದ. "ಅತ್ತಿ, ಗಂಗಾಗ ಶೇಂಗಾ ಹಿಂಡಿ ಮಾಡಿಕೊಡ್ರಿ, ಒಯ್ತೀನಿ" ಎಂದ. ಶೇಂಗಾ ಹುರಿಯುತ್ತೇನೆಂದೆ, ಅವನಿಗೆ ಅನುಮಾನ ಬರಬಾರದಲ್ಲ.

ಸಾಬಮ್ಮ ನಾಳೆ ಬುಧವಾರ ಹೊರಡುತ್ತಾಳೆ. ಈ ಪತ್ರ ಅವಳೇ ತಂದು ಕೊಡುತ್ತಾಳೆ. ನಿನಗೆ ಒಂದೇ ದಿನ ಸಿಗುತ್ತದೆ. ಮನೆಯ ಯಜಮಾನಿಗೆ ಎಲ್ಲ ಹೇಳು, ನಾಚಿಕೆ ಪಡಬೇಡ. ಸಾಬಮ್ಮನ ಜೊತೆ ಅವಳ ಕೋಣೆಗೆ ಹೋಗು. ಅಲ್ಲಿಂದ ಮುಂದೆ ಎಲ್ಲಿಗೆ ಹೋದೆಯೆಂದು ನನಗೆ ತಿಳಿಸಬೇಡ.

ನಿನ್ನ ಅವ್ವ,
ಶಂಕ್ರಮ್ಮ

ತಾ.ಕ.: ವಿಳಾಸ ಗೋಡೆಯ ಮೇಲಿರಲಿಲ್ಲ, ಟ್ರಂಕಿನಲ್ಲಿತ್ತು. ನಾನೇ ತೆಗೆದು, ಇದೇ ಪೆನ್ನಿನಿಂದ ಬರೆದು ಕೊಟ್ಟೆ. ಅದೂ ನಿನ್ನ ಕರೆ ಬಂದ ಮೇಲೆ, ನೀನು ಸುಖವಾಗಿ ಇಳಿದದ್ದು ಗೊತ್ತಾದ ಮೇಲೆ. ಅವನು ಕಾಲು ಹಿಡಿದು ಅತ್ತ. ಹೇಗಾದರೂ ಸರಿ, ನೀನು ವಾಪಸು ಬಂದರೆ ಸಾಕು ಎನ್ನಿಸಿತು ಮಗಳೇ, ಒಬ್ಬಳೇ ಇರುವುದು ನನ್ನಿಂದ ಆಗಲಿಲ್ಲ.