ವಿರೋಧಕ್ಕೆ ಒಂದು ಕೈ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಹಿಟ್ಟಪ್ಪನಿಗೆ,

ನಿನ್ನ ಪ್ಯಾಕಿಂಗ್ ಅಕ್ಕನ ನೆನಪುಗಳು. ಈ ಕಾಗದವನ್ನು ನಿನಗಿಂತ ಮೊದಲು ಒಡೆದು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಓದಿ ಸ್ವಾಮಿ, ಬೇಡ ಅನ್ನುವುದಿಲ್ಲ, ಆದರೆ ಇದರ ಮೇಲೆ ಚಹಾದ ಲೋಟ ಇಡಬೇಡಿ. ಹೋದ ಸಲದ ಕಾಗದದಲ್ಲಿ ಅರ್ಧ ಅಳಿಸಿಹೋಗಿತ್ತಂತೆ.

ತಡವಾಯಿತು, ಬೈಯಬೇಡ ಮಾರಾಯ. ಭಟ್ಟಿಯಣ್ಣ ತೀರಿಕೊಂಡ ಸುದ್ದಿ ಕೇಳಿ ನೀನು ಒಂದು ದಿನ ಹೊರಗೆ ಬಿಡಿ ಎಂದು ಅರ್ಜಿ ಹಾಕಿದ್ದು, ಅವರು "ರಕ್ತಸಂಬಂಧಿಯಲ್ಲ" ಎಂದು ತಳ್ಳಿಹಾಕಿದ್ದು ನಮಗೆ ತಿಳಿಯಿತು. ಅರ್ಧ ಆಯುಷ್ಯ ಒಂದೇ ಬ್ರೆಡ್ ಕಾರ್ಖಾನೆಯಲ್ಲಿ ನೀನು ಹಿಟ್ಟು ನಾದಿ ಕೊಟ್ಟೆ, ಅವನು ಭಟ್ಟಿಗಿಟ್ಟು ತೆಗೆದ, ನಾನು ಪ್ಯಾಕ್ ಮಾಡಿದೆ. ಅಂಥವರು ಸಂಬಂಧಿಗಳಲ್ಲವಂತೆ! ರಕ್ತಕ್ಕೆ ಮಾತ್ರ ನಂಟು, ಬೆವರಿಗೆ ಇಲ್ಲ. ಕಾನೂನು ಬರೆದವನು ಒಂದು ದಿನವೂ ಬೆವರಿರಲಿಕ್ಕಿಲ್ಲ.

ನಿನ್ನ ಕಾಗದದಲ್ಲಿ ಎರಡು ಮಾತು ಕೇಳಿದ್ದೆ. ಅವನ ನೆನಪಿನ ಸಭೆಯಲ್ಲಿ ಏನಾಯಿತು, ಒಂದೂ ಬಿಡದೆ ಬರಿ ಎಂದಿದ್ದೆ. ಇನ್ನೊಂದು: "ಅಣ್ಣ ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದನಾ?" ಮುಷ್ಕರ ಮಾಡಿದ್ದು ತಪ್ಪಾಯಿತು ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತೇವೆ ಎಂದು ಅವರು ಆಸೆ ತೋರಿಸಿದಾಗ ನೀನು ಕೊಂಚ ವಾಲಿದ್ದೆ. ಅವನು ಭೇಟಿಯ ಜಾಲರಿಯ ಆಚೆ ನಿಂತು, "ಬರೆದುಕೊಟ್ರೆ ನನ್ನ ಮುಖ ನೋಡಬೇಡ" ಎಂದು ಗುಡುಗಿ ಹೋದವನು ಮತ್ತೆ ನಿನ್ನನ್ನು ನೋಡಲು ಬರಲಿಲ್ಲ. ನೀನೂ ಬರೆದುಕೊಡಲಿಲ್ಲ. ಇದು ನನಗೆ ಗೊತ್ತು. ಮೊದಲು ಸಭೆಯ ಸುದ್ದಿ ಹೇಳುತ್ತೇನೆ, ತಾಳ್ಮೆ ಇರಲಿ.

ಸಂಘದ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಜನ. ಹಳೆಯ ಮುಷ್ಕರದ ಬ್ಯಾನರ್‌ಗಳನ್ನು ಮಡಿಸಿ ಹಾಸಿದೆವು. "ಹೋರಾಟದ ಮೇಲೇ ಕೂತಿದ್ದೀವಿ ನೋಡು" ಎಂದು ಯಾರೋ ಅಂದರು. ಅಳುವುದಕ್ಕೆಂದು ಸೇರಿದ್ದೆವು, ನಿಜ ಹೇಳುತ್ತೇನೆ, ನಕ್ಕಿದ್ದೇ ಹೆಚ್ಚು. ವ್ಯಾನ್ ಡ್ರೈವರ್ ಎದ್ದು, ಬ್ರೆಡ್ಡು ಸೀದುಹೋದ ಆ ದಿನದ ಕಥೆ ಹೇಳಿದ. ಮ್ಯಾನೇಜರ್ ಬಂದು "ಏನಯ್ಯ, ಹೀಗೆ ಸುಟ್ಟಿದ್ದೀಯ?" ಎಂದು ಹಾರಾಡಿದ್ದಕ್ಕೆ ನಮ್ಮಣ್ಣ ಶಾಂತವಾಗಿ, "ಸಾರ್, ಅದು ಒಳಗಿದ್ದಿದ್ದು ಸ್ವಲ್ಪ ಹೊತ್ತು. ನಾನು ಇಡೀ ದಿನ ಬೇಯ್ತೀನಿ, ನನ್ನನ್ನ ಯಾರೂ ತಿರುಗಿಸಿ ನೋಡಲ್ಲವಲ್ಲ!" ಅಂದಿದ್ದನಂತೆ. ಕೋಣೆಯೇ ಬಿದ್ದು ಬಿದ್ದು ನಕ್ಕಿತು.

ಅಷ್ಟರಲ್ಲಿ ಅದೇ ಮ್ಯಾನೇಜರ್ ಬಾಗಿಲಲ್ಲಿ! ಕೈಯಲ್ಲಿ ಲಾರಿ ಟೈರಿನಷ್ಟು ದೊಡ್ಡ ಹೂವಿನ ಹಾರ. "ನಾನೂ ಎರಡು ಮಾತಾಡಬಹುದಾ?" ಎಂದರು. ಭಟ್ಟಿಯಣ್ಣನ ಹೆಂಡತಿ, ನಮ್ಮ ಅತ್ತಿಗೆ, ಕೂತಲ್ಲಿಂದ ಏಳಲಿಲ್ಲ. "ಹೂವು ಅಲ್ಲಿಡಿ ಸಾರ್. ಮಾತಿಗೆ ಬನ್ನಿ ಅಂತ ಅವರು ಬದುಕಿದ್ದಾಗ ಎಷ್ಟು ಸಲ ಕರೆದ್ರು, ಆವಾಗ ಬರಬೇಕಿತ್ತು." ಮ್ಯಾನೇಜರ್ ಬಾಗಿಲಿಗೇ ಒರಗಿ ನಿಂತರು. ಹೋಗಲೂ ಇಲ್ಲ, ಕೂರಲೂ ಇಲ್ಲ.

ಎದ್ದು ಮೌನ ಆಚರಿಸಿದೆವು. ಆಮೇಲೆ ನಮ್ಮವರು ಮಾತ್ರ ಮಾಡಬಹುದಾದ ತಪ್ಪೊಂದು ನಡೆಯಿತು. ಕಾರ್ಯದರ್ಶಿ, ಅದೇ ನಮ್ಮ ಕನ್ನಡಕದ ಮಾವ, ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡು ಠರಾವು ಮಂಡಿಸಿಯೇಬಿಟ್ಟರು: "ಭಟ್ಟಿಯಣ್ಣನವರ ಸಾವನ್ನು ಈ ಸಭೆ ತೀವ್ರವಾಗಿ ಖಂಡಿಸುತ್ತದೆ. ಪರವಾಗಿರುವವರು ಕೈ ಎತ್ತಿ." ಎಲ್ಲರ ಕೈಯೂ ಮೇಲೆ! ಹಿಂದಿನಿಂದ ಒಬ್ಬ, "ಇದರ ಪ್ರತಿ ಯಾರಿಗೆ ಕಳಿಸೋದು ಮಾವ?" ಎಂದ. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ವಿರೋಧ?" ಎಂದು ಕೇಳಲೇಬೇಕಲ್ಲ. ಅದು ಅಣ್ಣನೇ ಮಾಡಿದ ನಿಯಮ, ನಿನಗೆ ನೆನಪಿದೆ. ಒಬ್ಬರಾದರೂ ವಿರೋಧಿಸಿ ಕಾರಣ ಹೇಳದೆ ನಮ್ಮಲ್ಲಿ ಠರಾವು ನಿಲ್ಲುವುದಿಲ್ಲ. "ಎಲ್ಲರ ಕೈ ಒಟ್ಟಿಗೆ ಎದ್ದರೆ ಅದು ಒಗ್ಗಟ್ಟಲ್ಲ, ಕವಾಯತು" ಎನ್ನುತ್ತಿದ್ದ. ಯಾರೂ ಸಿಗದಿದ್ದರೆ ತಾನು ಮಂಡಿಸಿದ್ದನ್ನು ತಾನೇ ವಿರೋಧಿಸಿ ನಮ್ಮನ್ನೆಲ್ಲ ಗೋಳು ಹೊಯ್ದುಕೊಳ್ಳುತ್ತಿದ್ದ. ಈಗ ಆ ಕೈ ಇಲ್ಲ. ವಿರೋಧಿಸುವ ಇನ್ನೊಂದು ಕೈ, ನಿನ್ನದು, ಜೈಲಿನಲ್ಲಿದೆ.

ಅತ್ತಿಗೆ ಕೈ ಎತ್ತಿದಳು.

"ನಂದು ವಿರೋಧ ಇದೆ. ಸಾವನ್ನ ಯಾಕೆ ಖಂಡಿಸ್ತೀರಿ? ಕೆಮ್ಮಿ ಕೆಮ್ಮಿ ಜೀವ ಹಣ್ಣಾಗಿತ್ತು, ಸಾವೇ ಬಂದು ಬಿಡಿಸ್ಕೊಂಡು ಹೋಯ್ತು. ಖಂಡಿಸೋದಾದ್ರೆ ಒಂದು ಕಿಟಕೀನೂ ಇಲ್ಲದ ಆ ಭಟ್ಟಿ ಕೋಣೇನ ಖಂಡಿಸಿ. ಹೊಗೆ ಹೊರಗೆ ಹೋಗೋಕೆ ದಾರಿ ಕೊಡದ ಆ ಗೋಡೇನ ಖಂಡಿಸಿ. ಕೇಳೋರು ಬಾಗಿಲಲ್ಲೇ ನಿಂತಿದಾರೆ, ಪ್ರತಿ ಅವರಿಗೇ ಕೊಡಿ."

ಅವತ್ತಿನ ತನಕ ಸಂಘದ ಮೆಟ್ಟಿಲು ಹತ್ತದಿದ್ದ ಹೆಂಗಸು ಕಣೋ ಅವಳು! ಮಾವ "ತಿದ್ದುಪಡಿಯೊಂದಿಗೆ ಅಂಗೀಕಾರ" ಎಂದರು. ಮ್ಯಾನೇಜರ್ ತಿರುಗಿ ನೋಡದೆ ಮೆಟ್ಟಿಲಿಳಿದರು.

ಮರುದಿನ ಬೆಳಗಿನ ಪಾಳಿಯವರು ಭಟ್ಟಿ ಹಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ಊರ ಅಂಗಡಿಗಳಲ್ಲಿ ಬ್ರೆಡ್ಡು ಖಾಲಿಯಾದ ಮೇಲೆ ಮಾಲೀಕರಿಗೆ ನಮ್ಮ ಶ್ವಾಸಕೋಶ ನೆನಪಾಯಿತು. ಗೋಡೆ ಒಡೆದರು. ನಿನ್ನೆ ನಾನೇ ಹೋಗಿ ಭಟ್ಟಿಯ ಮುಂದೆ ನಿಂತು ಬಂದೆ. ಎರಡು ದೊಡ್ಡ ಫ್ಯಾನು ಹೊಗೆಯನ್ನು ಎಳೆದು ಆಚೆ ಬಿಸಾಡುತ್ತಿವೆ. ಕಿಟಕಿಯಿಂದ ಬೀದಿ ಕಾಣುತ್ತದೆ, ಸೈಕಲ್ ಮೇಲೆ ಹೋಗುವವರು ಕಾಣುತ್ತಾರೆ. ಅಲ್ಲಿ ನಿಂತು ಮೂಗಿನ ತುಂಬ ಉಸಿರೆಳೆದುಕೊಂಡೆ. ಬಹಳ ದಿನಗಳ ಮೇಲೆ ಮನಸ್ಸು ತಣ್ಣಗಿದೆ.

ಅತ್ತಿಗೆ ಈಗ ವಾರವಾರ ಸಂಘಕ್ಕೆ ಬರುತ್ತಾಳೆ. ಎಲ್ಲವನ್ನೂ ವಿರೋಧಿಸುತ್ತಾಳೆ. ಮಾವನಿಗೆ ತಲೆನೋವು ಶುರುವಾಗಿದೆ.

ವಕೀಲರು ಸದ್ಯದಲ್ಲೇ ಬಿಡುಗಡೆ ಎನ್ನುತ್ತಿದ್ದಾರೆ. ಕೊಟ್ಟದ್ದನ್ನು ಹೊಟ್ಟೆ ತುಂಬ ಉಣ್ಣು. ಯಾರ ಮುಂದೆಯೂ ಬಾಗದೆ, ಯಾರನ್ನೂ ಬಗ್ಗಿಸದೆ ನೂರು ಕಾಲ ಬಾಳು.

ಇಂತಿ,
ನಿನ್ನ ಪ್ಯಾಕಿಂಗ್ ಅಕ್ಕ

ಮರೆತ ಮಾತು: ಮರೆತದ್ದಲ್ಲ, ತಡವಾಗಿದ್ದೇ ಇದರಿಂದ. ನಿನ್ನ ಎರಡನೆಯ ಪ್ರಶ್ನೆ. ಅವನು ಬಂದಿದ್ದ ಕಣೋ. ಕಾಯಿಲೆ ಬಲಿತ ಮೇಲೆ ಒಂದು ಭೇಟಿಯ ದಿನ ನಮ್ಮ ವ್ಯಾನಿನಲ್ಲಿ ಕೂತು ಜೈಲಿನ ಗೇಟಿನವರೆಗೂ ಬಂದಿದ್ದ. ಇಳಿಯಲಿಲ್ಲ. "ನನ್ನ ಈ ಮುಖ ನೋಡಿದ್ರೆ ಅವನು ಇವತ್ತೇ ಮುಚ್ಚಳಿಕೆ ಬರೆದುಕೊಟ್ಟು ಓಡಿ ಬರ್ತಾನೆ. ನೀನೊಬ್ಬಳೇ ಹೋಗಿ ಬಾ. ಕೇಳಿದ್ರೆ ನಾನಿನ್ನೂ ಸಿಟ್ಟಲ್ಲಿದ್ದೀನಿ ಅನ್ನು" ಎಂದ. ಒಳಗೆ ನೀನು ಕೇಳಿದೆ, "ಅಣ್ಣನ ಸಿಟ್ಟು ಇಳಿದಿಲ್ವಾ ಅಕ್ಕ?" ಇಲ್ಲ ಅಂದೆ. ನಿನ್ನ ಮುಖ ಸಣ್ಣದಾಯಿತು. ಹೊರಗೆ ಬಂದರೆ ಅವನದೂ ಒಂದೇ ಪ್ರಶ್ನೆ, "ಹೇಗಿದ್ದಾನೆ?" ನೀನು ಎಲುಬಾಗಿದ್ದೆ. ದಪ್ಪಗಾಗಿದ್ದಾನೆ ಅಂದೆ. ಮನೆ ಮುಟ್ಟುವವರೆಗೂ ಕೆಮ್ಮುತ್ತ, ನಗುತ್ತ, "ಕಳ್ಳ ನನ್ಮಗ, ಜೈಲಲ್ಲೂ ಊಟ ಬಿಟ್ಟಿಲ್ಲ ನೋಡು" ಎನ್ನುತ್ತಲೇ ಇದ್ದ.