ನೀಲಿ ಅಂಗಿಯ ನಾಲ್ಕು ಹೊಲಿಗೆ

ಪುಟ್ಟಿ,

ಇವತ್ತು ನಾನು ನಿನ್ನ ನೀಲಿ ಅಂಗಿಯ ಹೊಲಿಗೆ ಬಿಚ್ಚಿದೆ. ನೀನು ಹೋಗಿ ಮೂರು ತಿಂಗಳಾಯಿತಲ್ಲ, ಚಿಕ್ಕಮ್ಮ ತನ್ನ ಮಗಳಿಗೆ ಅಂತ ಕೇಳಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಹುಡುಗಿ ಗುಂಡಗಿದ್ದಾಳೆ, ನೀನು ಮೊದಲಿದ್ದ ಹಾಗೆ.

ಎರಡೂ ಮಗ್ಗುಲಲ್ಲಿ ನಾಲ್ಕು ನಾಲ್ಕು ಸಾಲು. ಆ ಎರಡು ವರ್ಷದ ಕಾಯಿಲೆಯಲ್ಲಿ ನೀನು ಮೈ ಇಳಿದಾಗಲೆಲ್ಲ, ಇಸ್ತ್ರಿಯ ನೆಪದಲ್ಲಿ ಅಂಗಿ ಒಯ್ದು, ಬೆರಳಗಲ ಒಳಗೆ ಹಿಡಿದು ಹೊಲಿದು ತಂದಿಡುತ್ತಿದ್ದೆ. ನಿನಗೆ ಗೊತ್ತಾಗಬಾರದು ಅಂತ. ಇಪ್ಪತ್ತು ವರ್ಷ ಹೊಲಿದ ಕೈ, ಚಳಕಕ್ಕೇನು ಕಮ್ಮಿ!

ನೀನು ಕನ್ನಡಿ ಮುಂದೆ ನಿಂತು ಹೇಳುತ್ತಿದ್ದೆ: "ನೋಡಕ್ಕ, ಅಂಗಿ ಇನ್ನೂ ಸರಿಯಾಗಿ ಕೂರುತ್ತೆ. ನಾನೇನೂ ಇಳಿದಿಲ್ಲ. ಅಪ್ಪನ್ನ ಈಗಲೇ ಕರೆಸಬೇಡ, ಹಡಗಿನ ಕೆಲಸ ಬಿಟ್ಟು ಓಡಿ ಬರ್ತಾರೆ. ಅಂಗಿ ಸಡಿಲ ಆದ್ರೆ ನಾನೇ ಹೇಳ್ತೀನಿ."

"ಆಯ್ತು ಬಿಡೆ" ಅಂದಿದ್ದೆ. ಅಪ್ಪ ಬರುವಷ್ಟರಲ್ಲಿ ಎರಡು ದಿನ ತಡವಾಗಿತ್ತು.

ಇವತ್ತು ಅವರು ನನ್ನ ಮಿಷನ್ ಪಕ್ಕದಲ್ಲೇ ಕೂತು, ಬಿದ್ದ ದಾರದ ತುಂಡುಗಳನ್ನು ಆರಿಸುತ್ತಿದ್ದರು.

"ಇದನ್ನ ಎಷ್ಟು ಸಲ ಹಿಡಿದಿದ್ದೆ ಮಗಳೇ?"

"ಒಂದೇ ಸಲ ಅಪ್ಪ. ಕೊನೇ ವಾರದಲ್ಲಿ."

ಅವರು ಅಂಗಿಯನ್ನು ಎತ್ತಿ ಕಿಟಕಿಗೆ ಎದುರಾಗಿ ಹಿಡಿದರು. ದಾರ ತೆಗೆದರೂ ಸೂಜಿಯ ತೂತು ಮುಚ್ಚುವುದಿಲ್ಲ, ಪುಟ್ಟಿ. ನಾಲ್ಕು ಸಾಲಿನಲ್ಲೂ ಬಿಸಿಲು ತೂರಿ ಬರುತ್ತಿತ್ತು.